ಗೌರಿಯ ಕಾರ್ತೀಕದ ಕಾಯಿಲೆ: ಒಂದು ಮುದಿ ಬೆಕ್ಕಿನ ಪ್ರಕರಣ

ನಮ್ಮ ಮನೆಯಲ್ಲಿ ದನಗಳ ಲೆಕ್ಕಕ್ಕೊಂದು ಪುಸ್ತಕವಿದೆ. ಯಾವ ಆಕಳು ಯಾವತ್ತು ಕರು ಹಾಕಿತು, ಡೇರಿಗೆ ಎಷ್ಟು ಹಾಲು ಹೋಯಿತು, ಯಾವ ದಿನ ಡಾಕ್ಟರು ಬಂದು ಏನು ಚುಚ್ಚಿದರು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬರೆಯುವವಳು ನಾನು. ಬೆಕ್ಕಿನ ವಿಷಯ ಅದರೊಳಗೆ ಸೇರಿದ್ದು 2021ರ ನವೆಂಬರಿನಲ್ಲಿ, ಪಕ್ಕದಲ್ಲಿ ಬೇರೆ ಕಾಗದ ಸಿಗದ ಕಾರಣಕ್ಕೆ. ‘12-11-2021. ಗೌರಿ ಮೂರು ದಿನದಿಂದ ಹಾಲು ಮುಟ್ಟಿಲ್ಲ. ಹಳದಿ ನೊರೆ ವಾಂತಿ. ದರಕಿನ (ಒಣ ಎಲೆಯ) ರಾಶಿಯ ಹಿಂದೆ ಮಲಗಿದ್ದಾಳೆ.’ ನಾಲ್ಕು ವರ್ಷದ ಈ ಪ್ರಕರಣವನ್ನು ಈಗ ಬರೆಯಲು ಸಾಧ್ಯವಾಗಿದ್ದು ಆ ಪುಸ್ತಕದಿಂದ.

ಮನೆ ಇರುವುದು ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಸುತ್ತ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. 2010ರ ಗೌರಿ ಹಬ್ಬದ ದಿನ ಮಳೆಯಲ್ಲಿ ನೆನೆದು ಕೊಟ್ಟಿಗೆಗೆ ಬಂದ ಮರಿ ಅವಳು, ಹಾಗಾಗಿ ಆ ಹೆಸರು. ಬೂದು ಮೈ, ಬಿಳಿ ಎದೆ. ಎರಡು ಸೂಲು ಮರಿ ಹಾಕಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಹನ್ನೊಂದು ವರ್ಷದವರೆಗೆ ಅವಳಿಗೆ ಔಷಧಿ ಎಂದು ಕೊಟ್ಟದ್ದು ಎರಡೋ ಮೂರೋ ಸಲ ಹುಳದ ಮಾತ್ರೆ ಮಾತ್ರ.

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಬೇಕು, ಮುಂದೆ ಬಂದದ್ದಕ್ಕೆಲ್ಲ ಅದರ ನಂಟಿದೆ. ನಮ್ಮದು ಹವ್ಯಕರ ಮನೆ, ಮೀನು ಮಾಂಸ ಒಳಗೆ ಬರುವುದಿಲ್ಲ. ಬೆಕ್ಕಿಗೆ ಹಾಕುತ್ತಿದ್ದದ್ದು ಹಾಲನ್ನ. ಬೆಕ್ಕು ಹಾಲನ್ನದ ಮೇಲೆ ಬದುಕುವ ಪ್ರಾಣಿಯಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ಅದರ ಮೈ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸ ಮೀನಿನಂಥ ಆಹಾರದಿಂದ ಬರಬೇಕು. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆ ಎಂದು 1975ರಲ್ಲಿ, ಹೃದಯ ಹಿಗ್ಗಿ ಸೋಲುತ್ತದೆ ಎಂದು 1987ರಲ್ಲಿ ಸಂಶೋಧಕರು ತೋರಿಸಿದರು. ಗೌರಿ ಇಷ್ಟು ವರ್ಷ ಗಟ್ಟಿಯಾಗಿದ್ದದ್ದು ಅಟ್ಟದ ಇಲಿಗಳಿಂದ. ಅಡಿಕೆ ಚೀಲದ ಸಂದಿಯಲ್ಲಿ ರಾತ್ರಿಯಿಡೀ ಕಾದು ಕೂತು ದಿನಕ್ಕೊಂದಾದರೂ ಹಿಡಿಯುತ್ತಿದ್ದಳು. ನಾವು ಸಾಕಿದ್ದೇವೆ ಅಂದುಕೊಂಡಿದ್ದೆವು, ಅವಳು ತನ್ನನ್ನು ತಾನೇ ಸಾಕಿಕೊಳ್ಳುತ್ತಿದ್ದಳು.

2021ರ ಹೊತ್ತಿಗೆ ಅಟ್ಟದ ಏಣಿ ಹತ್ತುವುದು ಬಿಟ್ಟಿದ್ದಳು. ಹಿಂಗಾಲಿನ ಕೀಲು ಬಿಗಿದಿತ್ತು, ಕೋರೆಹಲ್ಲು ಒಂದು ಮುರಿದಿತ್ತು. ವಯಸ್ಸಾಯಿತು ಎಂದು ಸುಮ್ಮನಾದೆವು. ಅಟ್ಟ ಬಿಟ್ಟವಳು ಹೊಟ್ಟೆಗೆ ಏನು ಮಾಡಿಕೊಳ್ಳುತ್ತಿದ್ದಾಳೆ ಎಂದು ನಾನು ಕೇಳಿಕೊಳ್ಳಲಿಲ್ಲ.

ಆ ಮೊದಲ ಸಲ ದನಕ್ಕೆಂದು ಬಂದಿದ್ದ ಡಾಕ್ಟರು ಆಂಟಿಬಯೋಟಿಕ್ ಮತ್ತು ಬಿ ಕಾಂಪ್ಲೆಕ್ಸ್ ಚುಚ್ಚಿದರು. ಹತ್ತು ದಿನದಲ್ಲಿ ಎದ್ದಳು. 2022ರ ಮಾರ್ಚಿನಲ್ಲಿ ನಾಲ್ಕು ದಿನ ಮಂಕಾಗಿದ್ದು ತಾನೇ ಸರಿಯಾದಳು. ದೀಪಾವಳಿ ಮುಗಿದ ವಾರದಲ್ಲಿ ಮತ್ತೆ ಬಿದ್ದಳು: ‘29-10-2022. ಊಟ ಇಲ್ಲ. ವಾಂತಿ. ತೂಕ 2.9.’ ಕಾಳುಮೆಣಸು ತೂಗುವ ಯಂತ್ರದ ಮೇಲೆ ಬುಟ್ಟಿಯಿಟ್ಟು ತೂಗುತ್ತಿದ್ದೆ. ವರ್ಷದ ಹಿಂದೆ 3.4 ಕಿಲೋ ಇದ್ದವಳು. ಮನುಷ್ಯರ ಲೆಕ್ಕದಲ್ಲಿ ಅರ್ಧ ಕಿಲೋ ಏನೂ ಅಲ್ಲ. ಅವಳಿಗದು ಮೈಯ ಏಳನೇ ಒಂದು ಭಾಗ.

ಮನೆಯವರಿಗೆ ಅನುಮಾನ ಬಂದದ್ದು ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ಮೇಲೆ. ಅಡಿಕೆಯ ಕೊಳೆರೋಗಕ್ಕೆ ನಮ್ಮಲ್ಲಿ ಪ್ರತಿ ಮಳೆಗಾಲ ಬೋರ್ಡೋ ದ್ರಾವಣ ಹೊಡೆಯುತ್ತೇವೆ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತೋಟದಲ್ಲಿ ಅಡ್ಡಾಡಿ ಬಂದ ಬೆಕ್ಕು ಮೈ ನೆಕ್ಕುತ್ತದೆ, ತಾಮ್ರ ಹೊಟ್ಟೆಗೆ ಹೋಗಿ ಲಿವರಿನಲ್ಲಿ ಸೇರಿಕೊಳ್ಳುತ್ತದೆ ಎಂಬುದು ಅವರ ವಾದ. ನನಗೂ ಸರಿ ಅನ್ನಿಸಿತು. 2023ರ ಮಳೆಗಾಲದಲ್ಲಿ ಔಷಧಿ ಹೊಡೆಯುವ ದಿನಗಳಲ್ಲೂ ಆಮೇಲೆ ಕೆಲವು ವಾರವೂ ಅವಳನ್ನು ತೋಟಕ್ಕೆ ಇಳಿಯಲು ಬಿಡಲಿಲ್ಲ. ಜಗಲಿಯಲ್ಲೇ ಇರುತ್ತಿದ್ದಳು. ಕಾಯಿಲೆ ಹೆಚ್ಚಾಗಿದ್ದು ಆ ವರ್ಷವೇ.

‘19-11-2023. ಕಿವಿಯ ಒಳಗೆ ಹಳದಿ. ವಸಡೂ ಹಳದಿ. ತೂಕ 2.6.’

ಕಾಮಾಲೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕಾಯಿಲೆಯ ಬೆಕ್ಕು ಎರಡು ಮೂರು ದಿನ ಪೂರ್ತಿ ಊಟ ಬಿಟ್ಟರೆ ಮೈಯ ಕೊಬ್ಬು ಕರಗಿ ಲಿವರಿಗೆ ಬಂದು ತುಂಬಿಕೊಳ್ಳಬಹುದು, ಮೂಲ ಕಾಯಿಲೆಗಿಂತ ಅದೇ ಮೊದಲು ಕೊಲ್ಲಬಹುದು. ಇದು ನನಗೆ ಗೊತ್ತಾಗಿದ್ದು ತಡವಾಗಿ, ಹಿಂದಿನ ಎರಡು ಸಲ ‘ಹಸಿವಾದರೆ ತಿಂತಾಳೆ’ ಎಂದು ಕಾದಿದ್ದೆ. ಅದೇ ದಿನ ಜ್ವರವಿದ್ದೀತು ಎಂದು ನೆರೆಮನೆಯವರೊಬ್ಬರು ಪ್ಯಾರಾಸಿಟಮಾಲ್ ಮಾತ್ರೆಯ ಕಾಲು ಭಾಗ ಪುಡಿಮಾಡಿ ತಂದಿದ್ದರು. ಪ್ರೀತಿಯಿಂದ ತಂದದ್ದೇ. ಬೆಕ್ಕಿನ ಲಿವರು ಆ ಔಷಧಿಯನ್ನು ಕಳೆಯಲಾರದು, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಪ್ರಾಣಿ ಸಾಯುತ್ತದೆ. ಬೆಕ್ಕಿಗೆ ಕಾಲು ಮಾತ್ರೆಯೂ ಅಪಾಯ. ಅವತ್ತು ಕೊಡಲಿಲ್ಲ ಎಂಬುದೊಂದೇ ಸಮಾಧಾನ.

ಅವಳನ್ನು ಹುಬ್ಬಳ್ಳಿಗೆ ಒಯ್ದೆವು, ಮುಂಡಗೋಡದ ಮೂಲಕ ಸುಮಾರು 100 ಕಿಲೋಮೀಟರ್. ಅಲ್ಲಿನ ಖಾಸಗಿ ಕ್ಲಿನಿಕ್ಕಿನಲ್ಲಿ ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ಒಂದೇ ದಿನ ಮಾಡಿದರು. ಮುದಿ ಬೆಕ್ಕು ಬಡಕಲಾದರೆ ಮೊದಲು ನೋಡುವ ಥೈರಾಯ್ಡ್ ಸರಿಯಾಗಿತ್ತು. ಬೆಕ್ಕಿನ ಲ್ಯುಕೇಮಿಯಾ, ಏಡ್ಸ್ ವೈರಸ್ ಎರಡೂ ಇರಲಿಲ್ಲ. ಲಿವರಿನ ಅಂಕಿಗಳು ಏರಿದ್ದವು, ಕಾಮಾಲೆ ತೋರಿಸುವ ಬಿಲಿರುಬಿನ್ 2.8. ಪಿತ್ತಕೋಶದ ಗೋಡೆ ದಪ್ಪ, ಪಿತ್ತನಾಳ ಅಗಲ. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 2.1, ಮೂತ್ರ ತೆಳು. ಅಂದರೆ ಕಿಡ್ನಿಯೂ ಎರಡನೇ ಹಂತದಲ್ಲಿ ಇಳಿಮುಖ. ವರದಿಯಲ್ಲಿ ಇನ್ನೂ ಒಂದು ಸಾಲಿತ್ತು: ಇಯೋಸಿನೋಫಿಲ್ ಶೇಕಡಾ 19. ಆ ಬಿಳಿ ರಕ್ತಕಣ ಏರುವುದು ಅಲರ್ಜಿ ಇದ್ದಾಗ, ಇಲ್ಲವೇ ಮೈಯೊಳಗೆ ಪರಾವಲಂಬಿ ಹುಳ ಸೇರಿಕೊಂಡಾಗ. ಅದರ ಪಕ್ಕದ ಸಣ್ಣ ಬಾಣದ ಗುರುತನ್ನು ನಾನೂ ನೋಡಿದ್ದೆ, ಅಲ್ಲಿನ ಡಾಕ್ಟರೂ ನೋಡಿದ್ದರು. ಎದುರಿಗೆ ಕಾಮಾಲೆಯ ಬೆಕ್ಕಿರುವಾಗ ಅದು ದೊಡ್ಡದಾಗಿ ಕಾಣಲಿಲ್ಲ.

ಪಿತ್ತನಾಳ, ಮೇದೋಜೀರಕ ಗ್ರಂಥಿ, ಕರುಳು ಮೂರೂ ಒಟ್ಟಿಗೆ ಉರಿಯೂತಕ್ಕೆ ಬೀಳುವ ಕಾಯಿಲೆ ಬೆಕ್ಕುಗಳಲ್ಲಿದೆ, ಬಹುಶಃ ಅದೇ ಅಂದರು. ಖಚಿತವಾಗಬೇಕಾದರೆ ಲಿವರಿನ ಚೂರು ತೆಗೆದು ನೋಡಬೇಕು. ಹದಿಮೂರು ವರ್ಷದ, ಎರಡೂವರೆ ಕಿಲೋದ, ಕಾಮಾಲೆಯ ಬೆಕ್ಕಿಗೆ ಅರಿವಳಿಕೆ ಕೊಡುವುದು ಬೇಡ ಎಂದೆ. ಅವರೂ ಒತ್ತಾಯಿಸಲಿಲ್ಲ. ದಿನಕ್ಕೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಪಿತ್ತ ಹರಿಯಲು ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ 150ರ ಮಾತ್ರೆಯಲ್ಲಿ ಕಾಲು, ವಾರಕ್ಕೊಂದು ಬಿ12 ಚುಚ್ಚುಮದ್ದು.

ಸ್ಟೀರಾಯ್ಡ್ ಶುರುವಾದ ಮೂರನೇ ದಿನ ತಟ್ಟೆ ನೆಕ್ಕಿದಳು. ಆ ಸಂತೋಷವನ್ನು ನಾನು ಮರೆಯಲಾರೆ, ನಮ್ಮನ್ನು ಮೂರು ತಿಂಗಳು ದಾರಿ ತಪ್ಪಿಸಿದ್ದೂ ಅದೇ. ಪ್ರೆಡ್ನಿಸೊಲೋನ್ ಹಸಿವು ತರುತ್ತದೆ, ಉರಿಯೂತ ಯಾವುದರಿಂದ ಬಂದಿದ್ದರೂ ತಗ್ಗಿಸುತ್ತದೆ. ಇಯೋಸಿನೋಫಿಲ್ಲನ್ನೂ ಇಳಿಸುತ್ತದೆ. ಜನವರಿಯ ರಕ್ತಪರೀಕ್ಷೆಯಲ್ಲಿ ಆ ಬಾಣದ ಗುರುತು ಇರಲಿಲ್ಲ. ಔಷಧಿ ಕೆಲಸ ಮಾಡಿದ್ದರಿಂದ ರೋಗದ ಹೆಸರೂ ಸರಿಯಿರಬೇಕು ಎಂದು ನಾವು ತೀರ್ಮಾನಿಸಿಬಿಟ್ಟೆವು. ಫೆಬ್ರವರಿ ಕೊನೆಗೆ, ಮಾತ್ರೆ ನಡೆಯುತ್ತಿರುವಾಗಲೇ, ಮತ್ತೆ ವಾಂತಿ. ತೂಕ 2.5.

2024ರ ಮಾರ್ಚ್, ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆಯ ವಾರ. ಆ ಜನಜಾತ್ರೆಯನ್ನು ದಾಟಿ ಬೆಕ್ಕನ್ನು ಪೇಟೆಗೆ ಒಯ್ಯುವುದು ಸಾಧ್ಯವಿರಲಿಲ್ಲ. ಆಕಳ ಬೆದೆಗೆ ಇಂಜೆಕ್ಷನ್ ಹಾಕಲು ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಮನೆಗೆ ಬಂದರು. ಧಾರವಾಡದ ಕಡೆಯವರು. ಬೆಕ್ಕನ್ನು ಮುಟ್ಟುವ ಮೊದಲು ಪುಸ್ತಕ ಕೇಳಿದರು, ಜಗಲಿಯ ಮೇಲೆ ಕೂತು ಅರ್ಧ ತಾಸು ಓದಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಇದು ಏನೇನು ಹಿಡಿದು ತಿಂತೈತ್ರಿ ಅಕ್ಕಾರ?”

ನಾನು ಇಲಿ ಎಂದೆ. ಒಳಗಿಂದ ಅತ್ತೆ ಹೇಳಿದರು: “ಇಲಿ ಎಲ್ಲಿ ಹಿಡೀತು ತಂಗಿ? ಹಲ್ಲಿ ತಿಂಬಲೆ ಶುರು ಮಾಡಿದ ಮ್ಯಾಲೇ ಅದು ಒಣಗಿದ್ದು.”

ಅತ್ತೆ ಈ ಮಾತನ್ನು ಮೊದಲೂ ಹೇಳಿದ್ದರು. ಹಲ್ಲಿಯಲ್ಲಿ ನಂಜಿದೆ ಎಂಬ ಹಳಬರ ಮಾತು ಎಂದು ನಾನು ಬದಿಗಿಟ್ಟಿದ್ದೆ. ಸಂಜೆ ಜಗಲಿಯ ಟ್ಯೂಬ್‌ಲೈಟಿಗೆ ಮಳೆಹುಳ ಮುತ್ತುತ್ತವೆ, ಮಳೆಹುಳಕ್ಕೆ ಹಲ್ಲಿಗಳು ಬರುತ್ತವೆ, ಹಲ್ಲಿಗಳಿಗೆ ಗೌರಿ ಕಾದು ಕೂರುತ್ತಾಳೆ. ಇದು ಆಷಾಢ ಶ್ರಾವಣದಲ್ಲಿ ನಮ್ಮ ಕಣ್ಣೆದುರೇ ದಿನಾ ನಡೆಯುತ್ತಿದ್ದದ್ದು. ಅಟ್ಟ ಹತ್ತಲಾರದ, ಹಲ್ಲು ಮುರಿದ ಬೆಕ್ಕಿಗೆ ಹಲ್ಲಿಯಷ್ಟು ಸುಲಭದ ಬೇಟೆ ಇನ್ನೊಂದಿಲ್ಲ. 2023ರಲ್ಲಿ ಮೈಲುತುತ್ತದ ಭಯದಿಂದ ಅವಳನ್ನು ಜಗಲಿಯಲ್ಲೇ ಇರಿಸಿದ್ದು ನಾವೇ, ಟ್ಯೂಬ್‌ಲೈಟಿನ ಅಡಿಗೆ.

ಡಾಕ್ಟರಮ್ಮ ವಿವರಿಸಿದರು. ದನಕ್ಕೆ ಬರುವ ಲಿವರ್ ಫ್ಲೂಕ್ ನಮಗೆಲ್ಲ ಗೊತ್ತು, ಗದ್ದೆಯ ಬಸವನಹುಳದ ಮೂಲಕ ಬರುವ ಚಪ್ಪಟೆ ಹುಳ. ಬೆಕ್ಕಿಗೂ ಅಂಥದೊಂದಿದೆ, ಹೆಸರು ಪ್ಲಾಟಿನೋಸೋಮಮ್. ಬೆಕ್ಕಿನ ಮಲದಲ್ಲಿ ಬಿದ್ದ ಮೊಟ್ಟೆಯನ್ನು ನೆಲದ ಬಸವನಹುಳ ತಿನ್ನುತ್ತದೆ. ಅಲ್ಲಿಂದ ಅದು ತೇವದ ಕಲ್ಲಿನಡಿ ಓಡಾಡುವ ಬೂದು ಬಣ್ಣದ, ಹಲವು ಕಾಲಿನ ಸಣ್ಣ ಹುಳದೊಳಕ್ಕೆ ಹೋಗುತ್ತದೆ. ಅದನ್ನು ಹಲ್ಲಿ ತಿನ್ನುತ್ತದೆ, ಹಲ್ಲಿಯನ್ನು ಬೆಕ್ಕು ತಿನ್ನುತ್ತದೆ. ಬೆಕ್ಕಿನ ಪಿತ್ತನಾಳಕ್ಕೆ ಏರಿ ಅಲ್ಲೇ ಬೆಳೆದು ಮೊಟ್ಟೆಯಿಡಲು ಎಂಟರಿಂದ ಹನ್ನೆರಡು ವಾರ ಬೇಕು. ನಾಲ್ಕಾರು ಹುಳ ಇದ್ದರೆ ಬೆಕ್ಕಿಗೆ ಏನೂ ಆಗದೆಯೂ ಇರಬಹುದು, ಹೆಚ್ಚಾದರೆ ಊಟ ಬಿಡುವುದು, ವಾಂತಿ, ಬಡಕಲಾಗುವುದು, ಕಾಮಾಲೆ. ಬಿಸಿಲೂ ತೇವವೂ ಇರುವ ನಾಡುಗಳ ರೋಗ ಇದು. ಕೆರಿಬಿಯನ್ ಕಡೆ ಇದಕ್ಕೆ ಹಲ್ಲಿ ವಿಷ ಎಂಬ ಅರ್ಥದ ಹೆಸರೇ ಇದೆಯಂತೆ. ಅತ್ತೆಗೆ ಇದನ್ನು ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ.

ಪುಸ್ತಕ ಅವರ ಕೈಯಲ್ಲೇ ಇತ್ತು. ನವೆಂಬರ್ 12, ಅಕ್ಟೋಬರ್ 29, ನವೆಂಬರ್ 19, ಮೂರೂ ಕಾರ್ತೀಕ ಮಾಸ. ಅಲ್ಲಿಂದ ಹನ್ನೆರಡು ವಾರ ಹಿಂದಕ್ಕೆ ಎಣಿಸಿದರೆ ಆಗಸ್ಟ್ ಬಂತು. ಜಗಲಿಯ ಗೋಡೆಯಲ್ಲಿ ಹಲ್ಲಿ ತುಂಬಿರುವ ತಿಂಗಳು ಅದು. ಎಣಿಕೆ ಹೊಂದಿತು ಅಷ್ಟೆ, ಅದು ಪುರಾವೆ ಅಲ್ಲ ಎಂದು ಅವರೇ ಹೇಳಿದರು. ಪುರಾವೆ ಮಲದಲ್ಲಿ ಸಿಗಬೇಕು.

ಹುಬ್ಬಳ್ಳಿಯಲ್ಲಿ ಮಲಪರೀಕ್ಷೆ ಆಗಿತ್ತು, ಏನೂ ಕಂಡಿರಲಿಲ್ಲ. ಅಲ್ಲಿ ಮಾಡಿದ್ದು ಉಪ್ಪಿನ ದ್ರಾವಣದಲ್ಲಿ ಮೊಟ್ಟೆ ತೇಲಿಸುವ ವಿಧಾನ. ಚಪ್ಪಟೆ ಹುಳದ ಮೊಟ್ಟೆ ಭಾರ, ಅದರಲ್ಲಿ ಸರಿಯಾಗಿ ತೇಲುವುದಿಲ್ಲ, ತಳಕ್ಕೆ ಇಳಿಸಿ ಗಸಿಯನ್ನು ನೋಡಬೇಕು. ದನಗಳ ಸಗಣಿಯನ್ನು ಇವರು ದಿನಾ ನೋಡುವುದು ಹಾಗೆಯೇ. ದಿನಕ್ಕೆ ಬೀಳುವ ಮೊಟ್ಟೆಯೂ ಕಡಿಮೆ, ಆದ್ದರಿಂದ ಮೂರು ದಿನದ ಮಲ ಬೇಕು ಎಂದರು. ಮರಳು ತುಂಬಿದ ತಗಡಿನ ಟ್ರೇ ಇಟ್ಟು, ಮೂರು ದಿನ ಬಾಗಿಲು ಹಾಕಿ, ಹಳೆಯ ಉಪ್ಪಿನಕಾಯಿ ಡಬ್ಬಿಗಳಲ್ಲಿ ತುಂಬಿ ಕಳಿಸಿದೆ. ಎರಡನೇ ಡಬ್ಬಿಯಲ್ಲಿ ಸಿಕ್ಕಿತು. ಕಂದು ಬಣ್ಣದ, ಒಂದು ತುದಿಗೆ ಮುಚ್ಚಳವಿರುವ ಮೊಟ್ಟೆ. ಸೂಕ್ಷ್ಮದರ್ಶಕದ ಮೇಲೆ ಮೊಬೈಲ್ ಹಿಡಿದು ತೆಗೆದ ಫೋಟೋ ಕಳಿಸಿದರು, ಈಗಲೂ ನನ್ನ ಹತ್ತಿರ ಇದೆ.

ಔಷಧಿ ಪ್ರಾಜಿಕ್ವಾಂಟೆಲ್. ನಾವು ಲಾಡಿಹುಳಕ್ಕೆ ಕೊಡುತ್ತಿದ್ದ ಮಾತ್ರೆಯಲ್ಲೂ ಅದೇ ಇರುತ್ತದೆ, ಆದರೆ ಲಾಡಿಹುಳಕ್ಕೆ ಕಿಲೋಗೆ 5 ಮಿಲಿಗ್ರಾಂ ಸಾಕು. ಇದಕ್ಕೆ ಕಿಲೋಗೆ 20, ಮೂರು ದಿನ ಸತತ. ಹುಳದ ಮಾತ್ರೆ ಕೊಟ್ಟಿದ್ದೇವೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದದ್ದು ನಿಜವೇ ಆಗಿತ್ತು, ಉಪಯೋಗವಿರಲಿಲ್ಲ. ಬೆಕ್ಕಿನ ಮಾತ್ರೆಯಲ್ಲಿ ಬೇರೆ ಔಷಧಿಯೂ ಬೆರೆತಿರುವುದರಿಂದ ಪ್ರಾಜಿಕ್ವಾಂಟೆಲ್ ಒಂದೇ ಇರುವ 600 ಮಿಲಿಗ್ರಾಮಿನ ದೊಡ್ಡ ಮಾತ್ರೆಯನ್ನು ಪುಡಿಮಾಡಿಸಿ ಹನ್ನೆರಡು ಪೊಟ್ಟಣ ಕಟ್ಟಿಸಿದರು. ದಿನಕ್ಕೊಂದು. ವಿಪರೀತ ಕಹಿ. ಮೊದಲ ದಿನ ನೀರಲ್ಲಿ ಕಲಸಿ ಕೊಟ್ಟು ಅರ್ಧ ತಾಸು ನೊರೆ ಸುರಿಸಿದಳು. ಎರಡನೇ ದಿನದಿಂದ ಖಾಲಿ ಕ್ಯಾಪ್ಸೂಲಿನಲ್ಲಿ ತುಂಬಿ, ತುಪ್ಪ ಸವರಿ, ನಾಲಿಗೆಯ ಬುಡಕ್ಕೆ ಹಾಕಿ, ಹಿಂದಿನಿಂದ ಸಿರಿಂಜಿನಲ್ಲಿ ಒಂದಿಷ್ಟು ನೀರು ಬಿಟ್ಟೆ. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬಾರದು, ಐದು ವಾರದಲ್ಲಿ ಇಳಿಸುತ್ತ ಬಂದೆವು.

ಏಪ್ರಿಲಿನಲ್ಲಿ ಮೂರು ಡಬ್ಬಿಯಲ್ಲೂ ಮೊಟ್ಟೆ ಇರಲಿಲ್ಲ. ಮೂರು ತಿಂಗಳ ಮೇಲೆ ಔಷಧಿಯ ಇನ್ನೊಂದು ಸುತ್ತು ಮಾಡಿದೆವು. ಆಗಸ್ಟಿನಲ್ಲಿ ತೂಕ 3.2.

ಊಟದ ವಿಷಯ ಇದಕ್ಕಿಂತ ಕಷ್ಟದ್ದಾಗಿತ್ತು. ಹಲ್ಲಿ ಬಿಡಿಸಬೇಕಾದರೆ ಹಲ್ಲಿಯ ಬದಲಿಗೆ ಏನಾದರೂ ಕೊಡಬೇಕಲ್ಲ. ಡಾಕ್ಟರಮ್ಮ ಬ್ಯಾಟರಿ ಹಾಕಿ ಕಣ್ಣು ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಟಾರಿನ್ ಕೊರತೆಯ ಗುರುತು ಕಾಣುತ್ತಿಲ್ಲ, ಆದರೆ ಹಾಲನ್ನದ ಮೇಲೆ ಇನ್ನೊಂದು ವರ್ಷ ಇಡಬೇಡಿ ಎಂದರು. ಅತ್ತೆಯ ಹತ್ತಿರ ಹೇಳಲು ನನಗೆ ಎರಡು ದಿನ ಬಾಯಿ ಬರಲಿಲ್ಲ. ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಟ್ಟಿಗೇಲಿ ಹಾಕು, ಅಡ್ಡಿಲ್ಲೆ. ಒಳಗೆ ಬ್ಯಾಡ” ಎಂದರು. ಎಂಬತ್ತು ದಾಟಿದ, ಮಡಿಯಲ್ಲೇ ಬದುಕು ಕಳೆದ ಹೆಂಗಸು ಅವರು. ಆ ಅನುಮತಿಯ ಬೆಲೆ ನನಗೆ ಗೊತ್ತು. ಪೇಟೆಯಿಂದ ಬೆಕ್ಕಿನ ಆಹಾರದ ಪ್ಯಾಕೆಟ್ ತಂದೆ. ವಾರಕ್ಕೆರಡು ದಿನ, ತೋಟದ ಕೆಲಸಕ್ಕೆ ಬರುವಾಕೆ ತನ್ನ ಮನೆಯಲ್ಲಿ ಕುಮಟಾ ಕಡೆಯಿಂದ ಬರುವ ತಾರಲೆ ಮೀನನ್ನು ಉಪ್ಪು ಹಾಕದೆ ಬೇಯಿಸಿ, ಮುಳ್ಳು ತೆಗೆದು, ಬಾಳೆಎಲೆಯಲ್ಲಿ ಕಟ್ಟಿ ತರುತ್ತಿದ್ದಳು. ಒಣಮೀನು ತಂದರೆ ಸುಲಭ ಆಗುತ್ತಿತ್ತು, ಕಿಡ್ನಿ ಸೋತ ಪ್ರಾಣಿಗೆ ಅಷ್ಟು ಉಪ್ಪು ಸಲ್ಲದು. ಜಗಲಿಯ ಟ್ಯೂಬ್‌ಲೈಟ್ ಕಳಚಿ ಅಂಗಳದ ಆಚೆ ಕಂಬಕ್ಕೆ ಹಾಕಿಸಿದೆವು. ಸಂಜೆ ಆರರಿಂದ ಬೆಳಗಿನವರೆಗೆ ಗೌರಿ ಬಲೆ ಹೊಡೆದ ಕಿಟಕಿಯ ಕೋಣೆಯೊಳಗೆ. ಮೊದಲ ವಾರ ರಾತ್ರಿಯೆಲ್ಲ ಕೂಗಿದಳು.

2024ರ ಕಾರ್ತೀಕ ಬಂತು. ದಿನಾ ಬೆಳಗ್ಗೆ ಅವಳ ಕಿವಿ ಮಡಚಿ ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಗುಲಾಬಿ ಬಣ್ಣವೇ ಇತ್ತು. ತಿಂಗಳು ಕಳೆಯಿತು, ವಾಂತಿ ಇಲ್ಲ. ಆದರೆ ತೂಕ ಮತ್ತೆ ಇಳಿಯುತ್ತಿತ್ತು, ನೀರು ಕುಡಿಯುವುದು ಹೆಚ್ಚಾಗಿತ್ತು. ಕ್ರಿಯಾಟಿನಿನ್ 3.3, ಕಿಡ್ನಿಯ ಮೂರನೇ ಹಂತ. ಹುಳದ ಗದ್ದಲದ ಹಿಂದೆ ಇದು ತನ್ನಷ್ಟಕ್ಕೆ ನಡೆದೇ ಇತ್ತು. ಕಾಯಿಲೆ ಒಂದು, ಅದಕ್ಕೊಂದು ಹೆಸರು ಸಿಕ್ಕರೆ ಬಿಡುಗಡೆ ಎಂದು ಮೂರು ವರ್ಷ ಅಂದುಕೊಂಡಿದ್ದೆ. ಅವಳ ಮೈಯಲ್ಲಿ ಎರಡು ಕಾಯಿಲೆ ಒಂದರ ಮೇಲೊಂದು ಕೂತಿದ್ದವು. ಒಂದಕ್ಕೆ ಔಷಧಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ, ಆರೈಕೆ ಮಾತ್ರ.

ಆರೈಕೆ ಎಂದರೆ ಚರ್ಮದಡಿ ಸಲೈನ್. ದಿನ ಬಿಟ್ಟು ದಿನ 100 ಮಿಲಿ ರಿಂಗರ್ ಲ್ಯಾಕ್ಟೇಟ್. ಡಾಕ್ಟರಮ್ಮ ಎರಡು ಸಲ ತೋರಿಸಿಕೊಟ್ಟರು, ಮೂರನೆಯದು ನನ್ನ ಕೈಯಲ್ಲಿ. ಬಾಟಲಿಯನ್ನು ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಮುಂಗೈಗೆ ಹಿಡಿದು ನೋಡಬೇಕು, ಮೈಬಿಸಿ ಇದ್ದರೆ ಸಾಕು. ಜಗಲಿಯ ತೊಲೆಗೆ ಹಿಂದೆ ಮಕ್ಕಳ ತೊಟ್ಟಿಲು ಕಟ್ಟುತ್ತಿದ್ದ ಕಬ್ಬಿಣದ ಕೊಂಡಿಯಿದೆ, ಬಾಟಲಿ ಅದಕ್ಕೆ. ಹೆಗಲುಗಳ ನಡುವಿನ ಚರ್ಮವನ್ನು ಎತ್ತಿದರೆ ಸಣ್ಣ ಗುಡಾರದ ಹಾಗಾಗುತ್ತದೆ, ಸೂಜಿ ಅದರ ಬಾಗಿಲಿಗೆ ಹೋಗಬೇಕು, ಆಚೆ ಬದಿಗೆ ತೂತಾಗಬಾರದು. ಮೊದಲ ತಿಂಗಳಲ್ಲಿ ಮೂರು ಸಲ ತೂತು ಮಾಡಿ ಸೀರೆ ಒದ್ದೆ ಮಾಡಿಕೊಂಡೆ. ನೀರು ಇಳಿದಂತೆ ಬೆನ್ನ ಮೇಲೆ ನಿಂಬೆಯಷ್ಟು ಗಂಟು ಏಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುಂಗಾಲಿನ ಕಡೆ ಜಾರಿರುತ್ತದೆ, ಸಂಜೆಗೆ ಮಾಯ. ಅವಳು ಬೆತ್ತದ ಬುಟ್ಟಿಯಲ್ಲಿ ಕೂತು ಹದಿನೈದು ನಿಮಿಷ ಅಂಗಳ ನೋಡುತ್ತಿದ್ದಳು. ಅತ್ತೆ ಎದುರಿಗೆ ಕೂತು ಬತ್ತಿ ಹೊಸೆಯುತ್ತಿದ್ದರು. ಬೆಕ್ಕು ಅಲ್ಲಾಡಿದರೆ ಅವರು “ಕೂತ್ಕ” ಅನ್ನುತ್ತಿದ್ದರು, ಅದು ಕೂರುತ್ತಿತ್ತು. ಎಂಟು ತಿಂಗಳು ಹೀಗೆ ನಡೆಯಿತು. ಅದರಲ್ಲಿ ಆರು ಒಳ್ಳೆಯ ತಿಂಗಳು ಎಂದು ನಾನು ಲೆಕ್ಕ ಹಾಕುತ್ತೇನೆ. ಬಿಸಿಲಿಗೆ ಬಂದು ಮಲಗುತ್ತಿದ್ದಳು, ಮೈ ನೆಕ್ಕಿಕೊಳ್ಳುತ್ತಿದ್ದಳು, ಬಾಳೆಎಲೆ ಬಿಚ್ಚುವ ಸದ್ದಿಗೆ ಕೊಟ್ಟಿಗೆಯವರೆಗೆ ನಡೆದು ಹೋಗುತ್ತಿದ್ದಳು.

2025ರ ಜೂನ್ ಕೊನೆಗೆ ಕ್ರಿಯಾಟಿನಿನ್ 5.6. ಮೈ ನೆಕ್ಕಿಕೊಳ್ಳುವುದು ನಿಂತಿತು, ಬಾಯಲ್ಲಿ ಹುಣ್ಣು, ಮೀನಿನ ಎಲೆ ಬಿಚ್ಚಿದರೂ ತಲೆ ಎತ್ತಲಿಲ್ಲ. ಸಲೈನ್ ಪ್ರಮಾಣ ಹೆಚ್ಚಿಸಬಹುದು, ಮೂಗಿನಿಂದ ನಳಿಕೆ ಹಾಕಿ ಊಟ ಕೊಡಬಹುದು ಎಂದು ಡಾಕ್ಟರಮ್ಮ ಎಲ್ಲವನ್ನೂ ಹೇಳಿದರು. ನಾನು ಪುಸ್ತಕ ತೆರೆದು ಹಿಂದಿನ ಹದಿನಾಲ್ಕು ದಿನ ನೋಡಿದೆ. ಅದರಲ್ಲಿ ಒಳ್ಳೆಯದು ಎಂದು ಬರೆದ ದಿನ ಒಂದೂ ಇರಲಿಲ್ಲ. ಬೇಡ ಎಂದೆ. ಜುಲೈ 9ರಂದು, ಮಳೆ ಹಿಡಿದ ಮಧ್ಯಾಹ್ನ, ಅವರು ಮನೆಗೇ ಬಂದು ಇಂಜೆಕ್ಷನ್ ಕೊಟ್ಟರು. ಬಚ್ಚಲ ಒಲೆಯ ಪಕ್ಕದ ಬೆಚ್ಚಗಿನ ಜಾಗದಲ್ಲಿ, ನನ್ನ ತೊಡೆಯ ಮೇಲೆ. ಅತ್ತೆ ಬಂದು ಬಾಯಿಗೆ ತುಳಸಿ ನೀರು ಬಿಟ್ಟರು. ಲಿವರ್ ತೆಗೆದು ನೋಡಿದರೆ ಹುಳ ಪೂರ್ತಿ ಹೋಗಿತ್ತೋ, ಹುಬ್ಬಳ್ಳಿಯಲ್ಲಿ ಹೇಳಿದ ಉರಿಯೂತವೂ ಜೊತೆಗಿತ್ತೋ ಎಂದು ಗೊತ್ತಾಗುತ್ತಿತ್ತು. ಡಾಕ್ಟರಮ್ಮ ಕೇಳಿದರು, ಒತ್ತಾಯ ಇರಲಿಲ್ಲ. ಮನೆಯಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಹಿತ್ತಲ ಹಲಸಿನ ಮರದ ಬುಡದಲ್ಲಿ ಹುಗಿದೆವು.

ಸೆಪ್ಟೆಂಬರಿನಲ್ಲಿ ಪಕ್ಕದ ಊರಿಂದ ಒಂದು ಕಪ್ಪು ಮರಿ ಬಂದಿದೆ. ಅಟ್ಟ ಹತ್ತುತ್ತದೆ, ಇಲಿ ಹಿಡಿಯಲು ಇನ್ನೂ ಬಾರದು. ಗೋಡೆಯ ಹಲ್ಲಿಯನ್ನು ನೋಡಿ ಕೂರುವುದು ಆಗಲೇ ಕಲಿತಿದೆ. ಊಟ ಕೊಟ್ಟಿಗೆಯಲ್ಲಿ. ಕಾರ್ತೀಕದ ಮೊದಲ ವಾರ ಅದರ ಮೂರು ದಿನದ ಮಲವನ್ನು ಡಬ್ಬಿಯಲ್ಲಿ ತುಂಬಿ, ತಳಕ್ಕೆ ಇಳಿಸಿ ನೋಡಬೇಕು ಎಂದು ಚೀಟಿ ಅಂಟಿಸಿ ಶಿರಸಿಗೆ ಕಳಿಸಿದ್ದೇನೆ.